ಒಂದೇ ತೊಲೆ

ಹಳೆಯ ಮನೆಯನ್ನು ರಿಪೇರಿ ಮಾಡಿಸುವುದೋ, ಕೆಡವಿ ಹೊಸದು ಕಟ್ಟುವುದೋ ಎಂದು ಕೇಳಲು ಅವನು ಮೇಸ್ತ್ರಿಯನ್ನು ಕರೆಸಿದ್ದ. ಪಾಲಾದಾಗ ಅಣ್ಣತಮ್ಮಂದಿರ ನಡುವೆ ಗೋಡೆ ಎದ್ದು, ಮಾತು ನಿಂತುಹೋಗಿತ್ತು. ಈಗ ಗೋಡೆಯಾಚೆ ಇದ್ದವರು ಸತ್ತ ತಮ್ಮನ ಹೆಂಡತಿ, ಮಕ್ಕಳು.

ಮೇಸ್ತ್ರಿ ಸೂರನ್ನು ದಿಟ್ಟಿಸಿದ. "ನಡುವೆ ಗೋಡೆ ಹಾಕಿದೀರಿ, ಆದ್ರೆ ಮೇಲಿರೋ ತೊಲೆ ಒಂದೇ ಯಜಮಾನ್ರೇ. ನಿಮ್ಮ ಪಾಲು ಕೆಡವಿದ್ರೆ ಅವರದ್ದೂ ಕುಸಿಯುತ್ತೆ. ರಿಪೇರಿ ಮಾಡಿಸ್ಕೊಳ್ಳಿ."

ಅವನಿಗೆ ಒಳಗೊಳಗೇ ಹಿತವಾಯಿತು.

"ಕುಸೀಲಿ ಬಿಡು. ಹೊಸದು ಕಟ್ಟೋ ಯೋಗ್ಯತೆ ಇಲ್ದೆ, ಹಳೇ ಸೂರಿನ ಹೆಂಚು ಸರಿಮಾಡೋಕೆ ಹತ್ತಿ ಬಿದ್ದು ಸತ್ನಲ್ಲ, ಅದಕ್ಕೆ ನಾನೇನು ಮಾಡ್ಲಿ? ನಾಳೆಯಿಂದಲೇ ಕೆಡವು."

ಮೇಸ್ತ್ರಿ ಅಳತೆ ಟೇಪನ್ನು ನಿಧಾನವಾಗಿ ಸುತ್ತಿಕೊಂಡ.

"ಹೋದ ವರ್ಷ ನಿಮ್ಮ ತಮ್ಮನೂ ಹೊಸದು ಕಟ್ಟಬೇಕು ಅಂತ ನನ್ನನ್ನ ಕರೆಸಿದ್ರು. ದುಡ್ಡೂ ಹೊಂದಿಸಿಟ್ಟಿದ್ರು. ಈ ತೊಲೆ ವಿಷಯ ಅವರಿಗೂ ಹೇಳ್ದೆ."

"ಅದಕ್ಕೆ ಏನಂದ?"

"'ಹಂಗಾದ್ರೆ ಕೆಡವೋದು ಬೇಡ, ಆಚೆ ನಮ್ಮಣ್ಣ ಇದಾನೆ' ಅಂದು, ಹೆಂಚು ಸರಿಮಾಡೋಕೆ ಆವತ್ತೇ ಏಣಿ ಹಾಕಿದ್ರು."