ಮೂರನೇ ಮೆಟ್ಟಿಲಿನ ಗೊಂಬೆಗಳು

"ಅತ್ತೆ, ಇದನ್ನ ಇಲ್ಲಿಟ್ಟಿದ್ದು ಯಾರು?"

ಅಪರ್ಣಾ ಕೂಗಿದ ಕೂಗಿಗೆ ಬೇರೆ ಯಾರಾದರೂ ಓಡಿ ಬರುತ್ತಿದ್ದರು. ಕಸ್ತೂರಿಯವರು ಅಡುಗೆಮನೆ ಬಿಟ್ಟು ಕದಲಲಿಲ್ಲ. "ನಾನೇ" ಎಂದು ಒಗ್ಗರಣೆ ಹಾಕಿದರು.

ಅಂದು ಮಹಾನವಮಿ. ಆಸ್ಟ್ರೇಲಿಯಾದ ಅಡಿಲೇಡಿನ ಪ್ರಾಸ್ಪೆಕ್ಟ್ ಬಡಾವಣೆಯ ಆ ಮನೆಯ ಹಾಲಿನಲ್ಲಿ ಮೈಸೂರಿನ ಪದ್ಧತಿಯಂತೆ ಗೊಂಬೆ ಕೂರಿಸಿದ್ದರು. ಮೇಲೆ ಪಟ್ಟದ ಗೊಂಬೆ, ಅದರ ಕೆಳಗೆ ದಶಾವತಾರ. ಮೂರನೇ ಮೆಟ್ಟಿಲಿನಲ್ಲಿ ನಿನ್ನೆಯವರೆಗೂ ಇಲ್ಲದ ಮೂವರು ಮಣ್ಣಿನ ಹೆಂಗಸರು. ಒಬ್ಬಳು ಒಲೆಯ ಮುಂದೆ ಮಂಡಿಯೂರಿದ್ದಳು. ಒಬ್ಬಳ ಕೈಯಲ್ಲಿ ಪೊರಕೆ. ಇನ್ನೊಬ್ಬಳ ಸೊಂಟದ ಮೇಲೆ ಮಗು. ಮೂವರಿಗೂ ಉದ್ದ ತೋಳಿನ ಚೀನೀ ನಿಲುವಂಗಿ.

ಇವು ಏನೆಂದು ಅಪರ್ಣಾಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆರ್ಟ್ ಗ್ಯಾಲರಿಯಲ್ಲಿ ಅವಳ ಕೆಲಸವೇ ಅದು. ಎರಡು ಸಾವಿರ ವರ್ಷಗಳ ಹಿಂದೆ, ಚೀನಾದ ಹಾನ್ ದೊರೆಗಳ ಕಾಲದಲ್ಲಿ, ಇಂಥ ಗೊಂಬೆಗಳನ್ನು ಮಾಡುತ್ತಿದ್ದದ್ದು ಹೆಣದ ಜೊತೆ ಹೂಳುವುದಕ್ಕೆ! ಅದನ್ನು ತಂದು ದೇವಿಯ ಮುಂದೆ ಇಡುವುದೇ?

ತಿಳಿಯದೆ ಇಟ್ಟರು ಎನ್ನೋಣವೆಂದರೆ, ಕಸ್ತೂರಿಯವರೇನು ಪೆದ್ದರಲ್ಲ. ಮೈಸೂರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಡಂ ಆಗಿ ನಿವೃತ್ತರಾದವರು. ಮನೆಯಲ್ಲಿ ಕೂತು ಗೊಣಗುವುದು ತಪ್ಪಲಿ ಎಂದು ಅಪರ್ಣಾಳೇ ಅವರನ್ನು ಕುಂಬಾರಿಕೆ ಕ್ಲಾಸಿಗೆ ಸೇರಿಸಿದ್ದಳು. ಅದರ ಫಲ ಈಗ ಮೆಟ್ಟಿಲ ಮೇಲೆ ಕೂತಿತ್ತು.

ಬೇರೆ ದಿನವಾಗಿದ್ದರೆ ಆ ಮೂರನ್ನೂ ಕಸದ ಬಿನ್ನಿಗೆ ಎಸೆದುಬಿಡುತ್ತಿದ್ದಳು. ಈಗ ಹಾಗೆ ಮಾಡುವಂತಿರಲಿಲ್ಲ. ಹಾನ್ ಕಲೆಯ ಪ್ರದರ್ಶನ ಮುಂದಿನ ತಿಂಗಳು ಬ್ರಿಸ್ಬೇನಿಗೆ ಹೋಗಲಿತ್ತು, ಅದರ ಮುಖ್ಯಸ್ಥೆ ಅಪರ್ಣಾ. ವರ್ಷಗಟ್ಟಲೆ ಕಾದು ಸಿಕ್ಕ ಅವಕಾಶ. ಗಂಡ ಅಭಿನವ್ ಪರ್ತ್ ಕಡೆಯ ಗಣಿಯಲ್ಲಿ ಎಂಜಿನಿಯರ್, ಮನೆಗೆ ನೆಂಟನ ಹಾಗೆ ಬಂದು ಹೋಗುವವನು. ಮಗಳು ಹಂಸಾ ಈಗಷ್ಟೇ ಸ್ಕೂಲಿಗೆ ಸೇರಿದ್ದಳು. ಅತ್ತೆ ಇದ್ದರೆ ಬ್ರಿಸ್ಬೇನ್, ಇಲ್ಲವೆಂದರೆ ಆ ಕೆಲಸ ಇನ್ನೊಬ್ಬರ ಪಾಲು. ಆದರೆ ಇನ್ನೊಂದು ವರ್ಷಕ್ಕೆ ವೀಸಾ ಹಾಕೋಣವೆಂದರೆ ಅತ್ತೆ ಮೀನಮೇಷ ಎಣಿಸುತ್ತಿದ್ದರು.

ಸಾಲದ್ದಕ್ಕೆ ಕಿರುಕುಳ ಬೇರೆ. ಹೋದ ವಾರ ಅಡುಗೆಮನೆಯ ಡಬ್ಬಿಗಳಿಗೆಲ್ಲ ಹೆಸರು ಬರೆದು ಅಂಟಿಸಿದ್ದರು, ಸೊಸೆಗೆ ಬೇಳೆಗೂ ಕಾಳಿಗೂ ವ್ಯತ್ಯಾಸ ಗೊತ್ತಿಲ್ಲ ಎನ್ನುವ ಹಾಗೆ. ಮೊನ್ನೆ ಹಂಸಾಳ ಸೊಂಟದುದ್ದದ ಜಡೆಯನ್ನು ಒಂದು ಮಾತೂ ಕೇಳದೆ ಕುತ್ತಿಗೆಯವರೆಗೆ ಕಟ್ ಮಾಡಿಸಿಕೊಂಡು ಬಂದಿದ್ದರು. ಕೇಳಿದ್ದಕ್ಕೆ, "ಇನ್ಮೇಲೆ ಅವಳೇ ಬಾಚ್ಕೋಬಹುದು" ಎಂದಿದ್ದರು. ಅಪರ್ಣಾ ಹಲ್ಲು ಕಚ್ಚಿ ಸುಮ್ಮನಿದ್ದಳು. ಇವತ್ತು ಆಗಲಿಲ್ಲ.

"ಇದು ಹೆಣದ ಗೊಂಬೆ ಅಂತ ಗೊತ್ತಲ್ವಾ ನಿಮಗೆ?"

"ಗೊತ್ತು."

"ಗೊತ್ತಿದ್ದೂ ಇಟ್ರಾ? ಈ ಮನೇಲಿ ಯಾರು ಸಾಯ್ಬೇಕು ಅಂತ ನಿಮ್ಮಾಸೆ?"

ಕಸ್ತೂರಿಯವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಅಷ್ಟರಲ್ಲಿ ಬಾಗಿಲ ಬೆಲ್ಲಾಯಿತು. ಕುಂಕುಮಕ್ಕೆ ಕರೆದಿದ್ದ ಪಕ್ಕದ ಬೀದಿಯ ಕಮಲಾ ಆಂಟಿ ಒಳಗೆ ಬಂದವರೇ ಮೆಟ್ಟಿಲ ಮುಂದೆ ಬಗ್ಗಿದರು.

"ಅಯ್ಯೋ, ಕಸ್ತೂರಿ! ಮೂರಕ್ಕೂ ನಿಮ್ಮದೇ ಮುಖ ಅಲ್ವೇನ್ರೀ?"

ಅಪರ್ಣಾ ಬಗ್ಗಿ ನೋಡಿದಳು. ಹೌದು. ಅದೇ ಉಬ್ಬಿದ ಗಲ್ಲ, ಕಣ್ಣ ಸುತ್ತ ಸಣ್ಣಗೆ ಗೀರಿದ ಅದೇ ಕನ್ನಡಕ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕಮಲಾ ಆಂಟಿ ಇದ್ದಾರೆನ್ನುವುದನ್ನೂ ಮರೆತಳು.

"ಓಹೋ, ಹೀಗಾ! ಸೊಸೆ ನನ್ನನ್ನ ಜೀವಂತ ಹೂಳ್ತಿದ್ದಾಳೆ ಅಂತ ಊರಿಗೆಲ್ಲ ತೋರಿಸ್ಬೇಕಿತ್ತಾ? ನಾಳೆ ನೀವು ಸತ್ರೆ ಅದನ್ನೂ ನನ್ನ ತಲೆಗೇ ಕಟ್ಟೋ ಪ್ಲಾನಾ?"

"ಬಿಡ್ತು ಅನ್ನು. ನಾನ್ಯಾಕೆ ಸಾಯ್ಲಿ?" ಕಸ್ತೂರಿಯವರು ಕಮಲಾ ಆಂಟಿಗೆ ಕುಂಕುಮ ಕೊಟ್ಟರು. "ನೀನು ಪ್ರದರ್ಶನದ ಭಾಷಣ ಪ್ರಾಕ್ಟೀಸ್ ಮಾಡೋವಾಗ ಹುರುಳಿಕಾಯಿ ಹೆಚ್ತಾ ನಾನೂ ಕೇಳಿಸ್ಕೊಂಡಿದ್ದೀನಮ್ಮ. ಇನ್ನೂ ಹಿಂದೆ ಯಜಮಾನ ಸತ್ರೆ ಮನೆಕೆಲಸದವರನ್ನೂ ಜೊತೆಗೆ ಹೂಳ್ತಿದ್ರು ಅಂತ ನೀನೇ ತಾನೆ ಹೇಳಿದ್ದು? ಆಮೇಲೆ ಯಾರೋ ಪುಣ್ಯಾತ್ಮರು ಅವರ ಬದಲು ಗೊಂಬೆ ಮಾಡಿಟ್ರು. ಗೊಂಬೆ ಒಳಗೆ ಹೋಯ್ತು, ಕೆಲಸದವಳು ಆಚೆ ಉಳಿದ್ಲು."

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ನಾಳೆ ವಿಜಯದಶಮಿ, ಹೊರಡೋಕೆ ಒಳ್ಳೇ ದಿನ. ಬೆಳಿಗ್ಗೆ ಬೆಂಗಳೂರಿಗೆ ನನ್ನ ಫ್ಲೈಟು, ಏರ್‌ಪೋರ್ಟಿಗೆ ಕಮಲಾ ಬಿಡ್ತಾರೆ."