ಬೂದಿ ಮುಟ್ಟುವ ಕೈ

ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಓಣಿಯಲ್ಲಿ ಯಾರಾದರೂ ಬೇವಿನ ತರಗೆಲೆ ಸುಟ್ಟರೆ, ಬೆಂಕಿ ಆರಿದ ಮೇಲೆ ನಾನು ಹೋಗಿ ಬೂದಿಗೆ ಕೈ ಹಚ್ಚಿ ನೋಡುತ್ತೇನೆ; ತಣ್ಣಗಾಗಿದ್ದರೂ ಕೂಡಲೇ ಕೈ ತೆಗೆಯಲು ಮನಸ್ಸಾಗುವುದಿಲ್ಲ.

ಅಪ್ಪ ಕಮಲಾಪುರದ ಕಡೆ ಕಾಡಿನ ವಾಚರ್ ಆಗಿದ್ದ. ಒಂದು ಬೇಸಿಗೆಯ ಮಧ್ಯಾಹ್ನ ಗುಡ್ಡದ ಹುಲ್ಲಿಗೆ ಬೆಂಕಿ ಬಿತ್ತು. ಅವ್ವನ ಜೊತೆ ನಾನು ಬುತ್ತಿ ಒಯ್ಯುವಷ್ಟರಲ್ಲಿ, ಅವನೂ ಜೊತೆಯವರೂ ಹಸಿ ಟೊಂಗೆಗಳಿಂದ ಬಡಿದು ಅದನ್ನು ಆರಿಸಿದ್ದರು. ಉಳಿದವರು ನೆರಳಿಗೆ ಕೂತರು. ಅಪ್ಪ ಮಾತ್ರ ಸುಟ್ಟ ನೆಲದ ಅಂಚಿಗುಂಟ ಕುಕ್ಕರುಗಾಲಲ್ಲಿ ಸರಿಯುತ್ತ ಬೂದಿ ಮುಟ್ಟುತ್ತಿದ್ದ.

"ಎಪ್ಪಾ, ಆರಿ ಹೋಗ್ಯಾದಲ್ಲ?" ಎಂದೆ.

"ಹೊಗಿ ನಿಂತದ, ಅಷ್ಟೇ. ಕೈ ಹೊರಳಿಸಿ ಇಡವಾ. ಅಂಗೈ ಒರಟ ಇರ್ತದ, ಸುಳ್ಳು ಹೇಳ್ತದ."

ಒಂದು ಒಣ ಸಗಣಿಯ ಹತ್ತಿರ ನನ್ನ ಕೈಗೆ ಬಿಸಿ ತಾಗಿತು. ಅಪ್ಪ ಅದನ್ನು ಬಡಿಗೆಯಿಂದ ಒಡೆದ. ಒಳಗೆ ಇನ್ನೂ ಕೆಂಡವಿತ್ತು. ಗಾಳಿ ಎದ್ದಿದ್ದರೆ ಉಳಿದ ಗುಡ್ಡವೂ ಹೋಗುತ್ತಿತ್ತು. ತನಗೆಂದು ತಂದಿದ್ದ ಕುಡಿಯುವ ನೀರನ್ನೇ ಅದರ ಮೇಲೆ ಸುರಿದ.

ಆಮೇಲೆ ಬೂದಿ ಹತ್ತಿದ ಅದೇ ಕೈಯನ್ನು ಹೊರಳಿಸಿ ನನ್ನ ಹಣೆಗಿಟ್ಟ. "ಇದೊಂದು ಇನ್ನಾ ಸುಡಾಕತ್ತದ ನೋಡು" ಎಂದು ನಕ್ಕು, ನೆರಳಿಗೆ ಕಳಿಸಿದ.

ಸಂಜೆ ಅವ್ವ ಹಣೆಯ ಬೂದಿ ಒರೆಸಲು ಬಂದಳು. ನಾನು ಒರೆಸಗೊಡಲಿಲ್ಲ.