ಎಣಿಕೆ ಮೇಜಿನ ಅಕ್ಕ

"ಅವತ್ತು ಬೆಳಗಿಂದ ಎಣಿಕೆ ಮೇಜಲ್ಲೇ ಕೂತಿದ್ಯಲ್ಲಕ್ಕ, ನಮ್ಮ ಓಟೆಲ್ಲ ಎಲ್ಲಿ ಮಾಯವಾದ್ವು ಅಂತ ನಿಂಗೆ ಗೊತ್ತಿಲ್ವಾ?" ಅಂಗಳದ ಎಲೆ ಗುಡಿಸುತ್ತಿದ್ದ ಡ್ವೈಟ್ ಕೈ ನಿಲ್ಲಿಸಿ ಕೇಳಿದ. ಅಮೆರಿಕದ ಅಧ್ಯಕ್ಷರ ಚುನಾವಣೆಯ ಫಲಿತಾಂಶ ಬಂದು ವಾರವಾಗಿತ್ತು. ಅವನು ಬೆಂಬಲಿಸಿದ ಅಭ್ಯರ್ಥಿ ಸೋತಿದ್ದ.

ವಿಸ್ಕಾನ್ಸಿನ್‌ನ ಆ ಪುಟ್ಟ ಊರಿನಲ್ಲಿ ಅವನ ಅಕ್ಕ ವರ್ನಾ ಹದಿನೆಂಟು ವರ್ಷದಿಂದ ಓಟು ಎಣಿಸುತ್ತ ಬಂದವಳು. ಭಾನುವಾರ ಚರ್ಚಿನಲ್ಲಿ ಪಕ್ಕದ ಹೆಂಗಸು ಎದ್ದು ಬೇರೆ ಬೆಂಚಿಗೆ ಹೋಗಿದ್ದಳು. ದಿನಸಿ ಅಂಗಡಿಯಲ್ಲಿ ಯಾರೋ ಬೆನ್ನ ಹಿಂದೆ "ಕಳ್ಳಿ" ಅಂದಿದ್ದರು. ಅದನ್ನೆಲ್ಲ ನುಂಗಿಕೊಂಡಿದ್ದಳು. ಆದರೆ ಒಡಹುಟ್ಟಿದ ತಮ್ಮನೂ ಹಾಗೆಯೇ ಅನ್ನಬೇಕೇ? ಎಣಿಸುವವರು ತಾವು ಯಾರಿಗೆ ಓಟು ಹಾಕಿದೆವೆಂದು ಬಾಯಿಬಿಡಬಾರದು ಎಂಬುದು ಅವಳು ತನಗೆ ತಾನೇ ಹಾಕಿಕೊಂಡಿದ್ದ ಕಟ್ಟು. ಆ ಕ್ಷಣ ಅದೂ ಮುರಿಯಿತು.

"ನಾನೂ ಅವನಿಗೇ ಹಾಕಿದ್ದು ಕಣೋ!" ಅಂದಳು ವರ್ನಾ. "ಒಂದೊಂದು ಓಟನ್ನೂ ಎರಡೆರಡು ಸಲ ಎಣಿಸಿದೀನಿ. ಸೋತಿದಾನೆ, ಅಷ್ಟೆ. ಅವತ್ತು ರಾತ್ರಿ ಕಾರಲ್ಲಿ ಕೂತು ಅತ್ಕೊಂಡೇ ಮನೆಗೆ ಹೋದೆ."

ಡ್ವೈಟನ ಮುಖದ ಬಿಗುವು ಸಡಿಲಿತು. ಹತ್ತಿರ ಬಂದು ಅಕ್ಕನ ತೋಳು ಹಿಡಿದ. ತಪ್ಪಾಯಿತು ಅನ್ನುತ್ತಾನೆ ಎಂದುಕೊಂಡಳು ವರ್ನಾ. ಅವನು ಬೇಲಿಯಾಚೆ ಒಮ್ಮೆ ಕಣ್ಣಾಡಿಸಿ, ದನಿ ತಗ್ಗಿಸಿ ಕೇಳಿದ: "ಮತ್ತೆ, ನಮ್ಮವಳೇ ಅಲ್ಲಿ ಕೂತಿದ್ದೂ ಏನು ಬಂತು? ಎಣಿಸೋವಾಗ ನೀನೇ ಏನಾದ್ರೂ ಮಾಡಬಹುದಿತ್ತಲ್ಲಕ್ಕ?"

ವರ್ನಾ ಅವನ ಬೆರಳುಗಳನ್ನು ಒಂದೊಂದಾಗಿ ತನ್ನ ತೋಳಿನಿಂದ ಬಿಡಿಸಿದಳು.